ಮಾದಲ, ಬೇಲ ಮತ್ತು ಮಹಾವೀರಾಚಾರ್ಯನ ಲೆಕ್ಕ

ರಾಷ್ಟ್ರಕೂಟ ಅಮೋಘವರ್ಷ ನೃಪತುಂಗನ ಕಾಲವೆಂದೊಡನೆ ಸಾಹಿತ್ಯದ ವಿದ್ಯಾರ್ಥಿಗಳಿಗೆ ನೆನಪಾಗುವುದು ‘ಕವಿರಾಜಮಾರ್ಗ’. ಅದೇ ಕಾಲದಲ್ಲಿ, ಸುಮಾರು ಕ್ರಿ.ಶ. 850ರಲ್ಲಿ, ಜೈನಾಚಾರ್ಯ ಮಹಾವೀರನು ಸಂಸ್ಕೃತದಲ್ಲಿ ರಚಿಸಿದ ‘ಗಣಿತಸಾರಸಂಗ್ರಹ’ವು ಸಾಹಿತ್ಯಚರಿತ್ರೆಯ ಅಂಚಿನಲ್ಲಿಯೇ ಉಳಿದಿದೆ. ಗ್ರಂಥಾರಂಭದಲ್ಲಿ ನೃಪತುಂಗನನ್ನು ಪ್ರಶಂಸಿಸುವ ಆಚಾರ್ಯನು, ಗಣಿತವು ಉಪಯೋಗಕ್ಕೆ ಬರುವ ವಿದ್ಯೆಗಳನ್ನು ಎಣಿಸುವಾಗ ಛಂದಸ್ಸು, ಅಲಂಕಾರ, ಕಾವ್ಯ, ವ್ಯಾಕರಣಗಳನ್ನೂ ಸೇರಿಸುತ್ತಾನೆ. ಗಣಿತವನ್ನು ಕಾವ್ಯದಿಂದ ಬೇರ್ಪಡಿಸಿ ನೋಡುವ ರೂಢಿ ಅವನದಲ್ಲ.

ಮಿಶ್ರಕವ್ಯವಹಾರವೆಂಬ ಅಧ್ಯಾಯದಲ್ಲಿ ಬರುವ ಒಂದು ಸಮಸ್ಯೆಯನ್ನು ಗಮನಿಸಬಹುದು. 9 ಮಾದಲ ಹಣ್ಣು ಹಾಗೂ 7 ಬೇಲದ ಹಣ್ಣುಗಳ ಒಟ್ಟು ಬೆಲೆ 107. 7 ಮಾದಲ ಹಾಗೂ 9 ಬೇಲಗಳ ಬೆಲೆ 101. ಹಾಗಾದರೆ ಒಂದೊಂದು ಹಣ್ಣಿನ ಬೆಲೆಯೆಷ್ಟು? ಇಂದಿನ ಶಾಲೆಯ ಮಕ್ಕಳು ಇದನ್ನು ಎರಡು ಅವ್ಯಕ್ತಗಳ ಏಕಕಾಲಿಕ ರೇಖೀಯ ಸಮೀಕರಣಗಳೆಂದು ಗುರುತಿಸಬಲ್ಲರು.

ಆಚಾರ್ಯನ ಸೂತ್ರದಲ್ಲಿ ಬೀಜಾಕ್ಷರಗಳಿಲ್ಲ. ಕ್ರಿಯೆಯೆಲ್ಲವೂ ಮಾತಿನಲ್ಲಿಯೇ ಇದೆ. ದೊಡ್ಡ ಮೊತ್ತವನ್ನು ದೊಡ್ಡ ಸಂಖ್ಯೆಯಿಂದಲೂ ಚಿಕ್ಕ ಮೊತ್ತವನ್ನು ಚಿಕ್ಕ ಸಂಖ್ಯೆಯಿಂದಲೂ ಗುಣಿಸಿ, ಒಂದರಿಂದ ಮತ್ತೊಂದನ್ನು ಕಳೆದು, ಆ ಸಂಖ್ಯೆಗಳ ವರ್ಗಗಳ ಅಂತರದಿಂದ ಭಾಗಿಸಬೇಕು. 963ರಿಂದ 707 ಕಳೆದರೆ 256, 81ರಿಂದ 49 ಕಳೆದರೆ 32, ಭಾಗಿಸಿದರೆ 8. ಇದು ಮಾದಲದ ಬೆಲೆ. ಗುಣಕಗಳನ್ನು ಅದಲುಬದಲು ಮಾಡಿದರೆ 909ರಿಂದ 749 ಕಳೆದು 160. ಅದನ್ನು 32ರಿಂದ ಭಾಗಿಸಿದಾಗ ಬೇಲದ ಬೆಲೆ 5.

ಸೂತ್ರದ ಮರ್ಮ ಸರಳವಾದುದು. ಎರಡೂ ಖರೀದಿಗಳನ್ನು ಕೂಡಿಸಿದರೆ ಪ್ರತಿಯೊಂದು ಬಗೆಯ 16 ಹಣ್ಣುಗಳಿಗೆ 208 ಆಗುತ್ತದೆ. ಎಂದರೆ ಜೋಡಿಗೆ 13. ಒಂದರಿಂದ ಮತ್ತೊಂದನ್ನು ಕಳೆದರೆ, ಎರಡು ಮಾದಲಗಳ ಬೆಲೆ ಎರಡು ಬೇಲಗಳಿಗಿಂತ 6 ಹೆಚ್ಚು. ಎಂದರೆ ಒಂದಕ್ಕೆ 3 ಹೆಚ್ಚು. ಮೊತ್ತ 13, ಅಂತರ 3 ಇರುವ ಬೆಲೆಗಳು 8 ಮತ್ತು 5. ಸೂತ್ರದಲ್ಲಿ ಭಾಜಕವಾದ 32 ಈ 16 ಮತ್ತು 2ರ ಗುಣಲಬ್ಧವೇ ಆಗಿದೆ.

ಇಲ್ಲಿ ಅಭಿಮಾನದ ಅತಿಶಯೋಕ್ತಿ ಸಲ್ಲದು. ಸಂಖ್ಯೆಗಳು ಪರಸ್ಪರ ಅದಲುಬದಲಾದಾಗ ಮಾತ್ರ ಈ ಸೂತ್ರ ಫಲಿಸುತ್ತದೆ. ಇದು ಎಲ್ಲ ಸಮೀಕರಣಯುಗ್ಮಗಳಿಗೂ ಅನ್ವಯಿಸುವ ಸಾಮಾನ್ಯ ನಿಯಮವಲ್ಲ. ಹಲವು ಅವ್ಯಕ್ತಗಳ ಸಮೀಕರಣಗಳನ್ನು ಬ್ರಹ್ಮಗುಪ್ತನು ಕ್ರಿ.ಶ. 628ರಲ್ಲಿಯೇ ವಿವೇಚಿಸಿದ್ದನು. ಮಹಾವೀರನ ಹಿರಿಮೆ ‘ಮೊದಲಿಗ’ನೆಂಬ ಬಿರುದಿನಲ್ಲಿಲ್ಲ, ಬೀಜಗಣಿತದ ಸಾರವನ್ನು ಅಂಗಡಿಯ ಹಣ್ಣಿನ ಮೂಲಕ ಪದ್ಯದಲ್ಲಿ ಹಿಡಿದಿಟ್ಟು, ಕಂಠಸ್ಥವಾಗುವಂತೆ ಮಾಡಿದ ಬೋಧಕಪ್ರತಿಭೆಯಲ್ಲಿದೆ.

12ನೆಯ ಶತಮಾನದಲ್ಲಿ ಜೈನಕವಿ ರಾಜಾದಿತ್ಯನು ‘ವ್ಯವಹಾರಗಣಿತ’ದ ಮೂಲಕ ಗಣಿತವನ್ನು ಕನ್ನಡ ಪದ್ಯಕ್ಕೆ ತಂದನು. ಎಂ. ರಂಗಾಚಾರ್ಯರು 1912ರಲ್ಲಿ ಮದರಾಸಿನಲ್ಲಿ ಇಂಗ್ಲಿಷ್ ಅನುವಾದದೊಡನೆ ಪ್ರಕಟಿಸಿದ ‘ಗಣಿತಸಾರಸಂಗ್ರಹ’ವು ಆಧುನಿಕ ವಿದ್ವತ್ತಿನ ಗಮನ ಸೆಳೆಯಿತು. ಆದರೂ ಇಂತಹ ಕೃತಿಗಳು ಗಣಿತಜ್ಞರಿಗೆ ಹಳೆಯ ಭಾಷೆಯವಾಗಿಯೂ ಸಾಹಿತ್ಯಾಭ್ಯಾಸಿಗಳಿಗೆ ಬರಿಯ ಲೆಕ್ಕವಾಗಿಯೂ ಕಂಡು, ಇಬ್ಬರಿಂದಲೂ ದೂರವಾಗಿವೆ. ಮಾದಲ, ಬೇಲಗಳ ಆ ಪದ್ಯವನ್ನು ಭಾಷೆ ಬಲ್ಲವರೂ ಲೆಕ್ಕ ಬಲ್ಲವರೂ ಜೊತೆಯಾಗಿ ಓದಿದಾಗಲೇ ಅದರ ಪೂರ್ಣಾರ್ಥ ದಕ್ಕೀತು.