ಆತ್ಮರಕ್ಷಣೆಯ ಹಕ್ಕು ಮತ್ತು ಅದರ ಎಲ್ಲೆ

ಜೈನ ಆಚಾರಶಾಸ್ತ್ರದಲ್ಲಿ ಹಿಂಸೆಯನ್ನು ಸಂಕಲ್ಪಿ, ಆರಂಭಿ, ಉದ್ಯೋಗಿ, ವಿರೋಧಿ ಎಂದು ನಾಲ್ಕು ವಿಧವಾಗಿ ವಿಂಗಡಿಸುವುದುಂಟು. ಮಹಾವ್ರತಿಗಳಾದ ಮುನಿಗಳಿಗೆ ಇವು ನಾಲ್ಕೂ ತ್ಯಾಜ್ಯ. ಅಣುವ್ರತಿಯಾದ ಶ್ರಾವಕನಾದರೋ ಸಂಕಲ್ಪಿ ಹಿಂಸೆಯನ್ನು ಸಂಪೂರ್ಣವಾಗಿ ತ್ಯಜಿಸಬೇಕು. ಉಳಿದವುಗಳನ್ನು ಸಾಧ್ಯವಾದಷ್ಟು ಮಿತಗೊಳಿಸಬೇಕು. ತನ್ನ ಮೇಲೆ ಅಥವಾ ತನ್ನ ಆಶ್ರಿತರ ಮೇಲೆ ಎರಗಿ ಬಂದವನನ್ನು ತಡೆಯುವಾಗ ಸಂಭವಿಸುವುದು ವಿರೋಧಿ ಹಿಂಸೆ. ಗೃಹಸ್ಥನಿಗೆ ಅದು ಅನಿವಾರ್ಯವಾಗಬಹುದು. ಆದರೆ ಅನಿವಾರ್ಯವಾದ ಮಾತ್ರಕ್ಕೆ ಪುಣ್ಯವಾಗುವುದಿಲ್ಲ. ರಾಷ್ಟ್ರಗಳ ನಡುವಿನ ಕಾನೂನು ಇದೇ ಪ್ರಶ್ನೆಯನ್ನು ಹೇಗೆ ಎದುರಿಸಿತೆಂಬುದು ವಿಚಾರಾರ್ಹವಾಗಿದೆ.

ಈ ಇತಿಹಾಸವು ಒಂದು ಪುಟ್ಟ ಉಗಿಹಡಗಿನಿಂದ ಸ್ಪಷ್ಟ ರೂಪ ಪಡೆಯುತ್ತದೆ. 1837ರಲ್ಲಿ ಬ್ರಿಟಿಷ್ ಆಳ್ವಿಕೆಯ ಕೆನಡಾದಲ್ಲಿ ದಂಗೆಯೆದ್ದಿತು. ದಂಗೆಕೋರರು ನಯಾಗರ ನದಿಯ ನೇವಿ ದ್ವೀಪದಲ್ಲಿ ನೆಲೆಯೂರಿದರು. ಅಮೆರಿಕದ ದಡದಿಂದ ಅವರಿಗೆ ಜನರನ್ನೂ ಸಾಮಗ್ರಿಗಳನ್ನೂ ಸಾಗಿಸುತ್ತಿದ್ದ ಹಡಗು 'ಕೆರೊಲಿನ್'. ಅದೇ ವರ್ಷದ ಡಿಸೆಂಬರ್ 29ರ ರಾತ್ರಿ ಬ್ರಿಟಿಷ್ ಪಡೆಯೊಂದು ನದಿಯನ್ನು ದಾಟಿ, ಅಮೆರಿಕದ ದಡದಲ್ಲಿ ನಿಂತಿದ್ದ ಆ ಹಡಗನ್ನು ವಶಪಡಿಸಿಕೊಂಡು, ಬೆಂಕಿಯಿಟ್ಟು, ಜಲಪಾತದತ್ತ ಹರಿಯಬಿಟ್ಟಿತು. ಅಮೆರಿಕದ ಪ್ರಜೆಯೊಬ್ಬನು ಹತನಾದನು. ಬ್ರಿಟನ್ ಇದನ್ನು ಆತ್ಮರಕ್ಷಣೆಯೆಂದು ಸಮರ್ಥಿಸಿತು.

ಅಮೆರಿಕದ ವಿದೇಶಾಂಗ ಮುಖ್ಯಸ್ಥ ಡೇನಿಯಲ್ ವೆಬ್‌ಸ್ಟರ್ 1841ರಲ್ಲಿ ಬರೆದ ಪತ್ರ ಈ ಸಮರ್ಥನೆಯನ್ನು ಒರೆಗೆ ಹಚ್ಚಿತು. ಆತ್ಮರಕ್ಷಣೆಯ ಹಕ್ಕನ್ನು ಅವನು ನಿರಾಕರಿಸಲಿಲ್ಲ. ಅಪಾಯವು ತತ್‌ಕ್ಷಣದ್ದೂ ತಡೆಯಲಾರದ್ದೂ ಆಗಿರಬೇಕು, ಬೇರೆ ಮಾರ್ಗವಾಗಲಿ ವಿಚಾರಿಸಲು ಅವಕಾಶವಾಗಲಿ ಉಳಿದಿರಬಾರದು, ನಡೆಸಿದ ಕೃತ್ಯವು ಅಗತ್ಯವನ್ನು ಮೀರಿರಬಾರದು ಎಂದು ಅದಕ್ಕೆ ಎಲ್ಲೆ ಕಟ್ಟಿದನು. ಇವೆಲ್ಲವನ್ನೂ ತೋರಿಸಿಕೊಡುವ ಹೊಣೆ ಬಲಪ್ರಯೋಗಿಸಿದವರದೇ ಆಗಿತ್ತು. 1842ರಲ್ಲಿ ಬ್ರಿಟನ್ನಿನ ಪ್ರತಿನಿಧಿ ಆಶ್‌ಬರ್ಟನ್ ಪ್ರಭು ಈ ತತ್ತ್ವವನ್ನು ಒಪ್ಪಿಕೊಂಡನು. ತನ್ನವರ ಕೃತ್ಯ ಅದರ ಎಲ್ಲೆಯೊಳಗೇ ಇತ್ತೆಂದು ವಾದಿಸಿದರೂ, ಸಕಾಲದಲ್ಲಿ ವಿವರಣೆ ನೀಡಿ ಕ್ಷಮೆ ಕೋರದೆ ಹೋದುದಕ್ಕೆ ವಿಷಾದ ಸೂಚಿಸಿದನು. ಎರಡು ರಾಷ್ಟ್ರಗಳ ನಡುವಿನ ಕಲಹವೊಂದು ಪತ್ರವ್ಯವಹಾರದಲ್ಲಿಯೇ ಶಮನಗೊಂಡಿತು.

ಈ ಒರೆಗಲ್ಲು ಮುಂದೆಯೂ ಬಳಕೆಗೆ ಬಂದಿತು. 1940ರಲ್ಲಿ ನಾರ್ವೆಯನ್ನು ಆಕ್ರಮಿಸಿದ್ದು ಮುನ್ನೆಚ್ಚರಿಕೆಯ ಆತ್ಮರಕ್ಷಣೆಯೆಂದು ಜರ್ಮನಿಯ ಪರವಾಗಿ ವಾದಿಸಿದಾಗ, 1946ರಲ್ಲಿ ನ್ಯೂರೆಂಬರ್ಗ್ ನ್ಯಾಯಮಂಡಳಿ ಇದೇ ಮಾತುಗಳನ್ನು ಮುಂದಿಟ್ಟು ಆ ವಾದವನ್ನು ತಳ್ಳಿಹಾಕಿತು. ಅಷ್ಟರಲ್ಲಿ, 1945ರ ವಿಶ್ವಸಂಸ್ಥೆಯ ಸನ್ನದು ರಾಷ್ಟ್ರಗಳು ಪರಸ್ಪರ ಬಲಪ್ರಯೋಗಿಸುವುದನ್ನು ನಿಷೇಧಿಸಿತ್ತು. ಅದರ 51ನೆಯ ವಿಧಿಯು ಸಶಸ್ತ್ರ ಆಕ್ರಮಣಕ್ಕೆ ಗುರಿಯಾದ ರಾಷ್ಟ್ರದ ಸ್ವರಕ್ಷಣೆಯ ಹಕ್ಕನ್ನು ಉಳಿಸಿತು. ಭದ್ರತಾ ಮಂಡಳಿಯು ಶಾಂತಿಯ ರಕ್ಷಣೆಗೆ ಅಗತ್ಯ ಕ್ರಮ ಕೈಗೊಳ್ಳುವವರೆಗೆ ಮಾತ್ರ ಆ ಹಕ್ಕು. ಅದನ್ನು ಚಲಾಯಿಸಿದವರು ಒಡನೆಯೇ ಮಂಡಳಿಗೆ ವರದಿ ಮಾಡಬೇಕು.

1981ರ ಜೂನ್‌ನಲ್ಲಿ ಇಸ್ರೇಲ್ ಬಾಗ್ದಾದಿನ ಸಮೀಪದ ಅಣುಸ್ಥಾವರದ ಮೇಲೆ ಬಾಂಬು ಹಾಕಿ, ಭವಿಷ್ಯದ ಅಪಾಯವನ್ನು ಕಾರಣವಾಗಿ ನೀಡಿತು. ಭದ್ರತಾ ಮಂಡಳಿ ಸರ್ವಾನುಮತದಿಂದ ಆ ದಾಳಿಯನ್ನು ಖಂಡಿಸಿತು. ನಿಕರಾಗುವಾ ಪ್ರಕರಣದಲ್ಲಿ ಅಂತರರಾಷ್ಟ್ರೀಯ ನ್ಯಾಯಾಲಯವು 1986ರಲ್ಲಿ ಅಮೆರಿಕದ ಸಾಮೂಹಿಕ ಆತ್ಮರಕ್ಷಣೆಯ ವಾದವನ್ನು ತಿರಸ್ಕರಿಸಿ, ಅಗತ್ಯ ಮತ್ತು ಪ್ರಮಾಣಬದ್ಧತೆ ಎರಡೂ ಇರಲೇಬೇಕೆಂದು ಸಾರಿತು. ಆದರೆ ಆ ತೀರ್ಪನ್ನು ಪಾಲಿಸಬೇಕೆಂಬ ನಿರ್ಣಯ ಭದ್ರತಾ ಮಂಡಳಿಯ ಮುಂದೆ ಬಂದಾಗ ಅಮೆರಿಕವೇ ತನ್ನ ವೀಟೋ ಅಧಿಕಾರದಿಂದ ಅದನ್ನು ತಡೆಯಿತು. ಆರೋಪಿಯೇ ನ್ಯಾಯಪೀಠದ ಒಂದು ಆಸನದಲ್ಲಿ ಕುಳಿತಿರುವುದು ಈ ವ್ಯವಸ್ಥೆಯ ದೊಡ್ಡ ಕೊರತೆ.

ಕಾನೂನು ಹೊರಗಿನಿಂದ ವಿಧಿಸಿದ ಎಲ್ಲೆಯನ್ನು ಶ್ರಾವಕನು ಒಳಗಿನಿಂದ ತಾನೇ ಹಾಕಿಕೊಳ್ಳಬಲ್ಲನೆಂಬುದಕ್ಕೆ ಭಗವತೀ ಸೂತ್ರದಲ್ಲಿ ಬರುವ ವೈಶಾಲಿಯ ವರುಣನ ಕಥೆ ನಿದರ್ಶನ. ರಾಜಾಜ್ಞೆಯಿಂದ ಯುದ್ಧಕ್ಕೆ ಹೊರಟ ಈ ಶ್ರಾವಕನು, ತನ್ನನ್ನು ಮೊದಲು ಪ್ರಹರಿಸಿದವನನ್ನಲ್ಲದೆ ಅನ್ಯರನ್ನು ಪ್ರಹರಿಸೆನೆಂಬ ನಿಯಮವನ್ನು ಸ್ವೀಕರಿಸಿದನು. ಶತ್ರುವಿನ ಬಾಣ ತಗುಲಿದ ಮೇಲೆಯೇ ಬಿಲ್ಲೆತ್ತಿದನು. ಅವನನ್ನು ಕೊಂದ ಬಳಿಕ ರಣರಂಗದಿಂದ ಹೊರಬಂದು, ಆಲೋಚನೆ–ಪ್ರತಿಕ್ರಮಣಗಳನ್ನು ಮಾಡಿ, ಸಮಾಧಿಭಾವದಿಂದ ದೇಹ ಬಿಟ್ಟನು. ಗಾಯಗೊಂಡವನು ತಾನೇ ಆಗಿದ್ದರೂ ತನ್ನ ಕೈಯಿಂದಾದ ಹಿಂಸೆಗೆ ಅವನು ಉತ್ತರ ಹೇಳಿಕೊಂಡನು.

ರಾಷ್ಟ್ರಗಳು ವರುಣನಂತೆ ಪ್ರತಿಕ್ರಮಣ ಮಾಡುವುದನ್ನು ನಿರೀಕ್ಷಿಸುವುದು ಕಷ್ಟ. ಆದರೆ ರಾಷ್ಟ್ರವೆಂಬುದು ಪ್ರಜೆಗಳ ಸಮೂಹ. ಆತ್ಮರಕ್ಷಣೆಯೆಂಬ ಘೋಷಣೆಗೆ ಮೊದಲು ಕೈಚಪ್ಪಾಳೆ ತಟ್ಟುವವರೂ ಅವರೇ. ಆಕ್ರಮಣ ನಿಜವಾಗಿ ನಡೆಯಿತೇ, ಬೇರೆ ದಾರಿ ಇರಲಿಲ್ಲವೇ, ಅಪಾಯ ತೊಲಗಿದ ಮೇಲೆ ಶಸ್ತ್ರ ಕೆಳಗಿಳಿಯಿತೇ ಎಂದು ಸ್ವಂತ ರಾಷ್ಟ್ರವನ್ನೂ ಪ್ರಶ್ನಿಸುವುದು ದೇಶದ್ರೋಹವಲ್ಲ. ಅದು ಅಹಿಂಸಾಣುವ್ರತವನ್ನು ಧರಿಸಿದವನ ಕರ್ತವ್ಯ.