ಸಂವಿಧಾನ ಮತ್ತು ಸರ್ಕಾರದ ರಚನೆಯ ಬೋಧನೆ: ತುಮಕೂರು, ಗುಬ್ಬಿ ಹಾಗೂ ಕುಣಿಗಲ್ ಭಾಗದ ವಿದ್ಯಾರ್ಥಿಗಳು ಮತ್ತು ಪೋಷಕರ ಮಾಹಿತಿಗಾಗಿ

ಪ್ರೌಢಶಾಲೆಯ ಸಮಾಜ ವಿಜ್ಞಾನ ವಿಷಯದಲ್ಲಿ ಭಾರತ ಸಂವಿಧಾನ, ಕೇಂದ್ರ ಮತ್ತು ರಾಜ್ಯ ಸರ್ಕಾರಗಳ ರಚನೆ ಹಾಗೂ ಸ್ಥಳೀಯ ಸಂಸ್ಥೆಗಳ ಕುರಿತು ಬೋಧಿಸಲಾಗುತ್ತದೆ. ಈ ಪಾಠಗಳು ಪರೀಕ್ಷೆಗೆ ಮಾತ್ರ ಸಂಬಂಧಿಸಿದವು ಎಂದು ಭಾವಿಸುವುದು ವಾಡಿಕೆಯಾಗಿದೆ. ಆದರೆ ಹತ್ತನೆಯ ತರಗತಿ ಮುಗಿಸಿದ ವಿದ್ಯಾರ್ಥಿಯು ಮುಂದಿನ ವ್ಯಾಸಂಗ, ವಿದ್ಯಾರ್ಥಿವೇತನ ಅಥವಾ ಮೀಸಲಾತಿ ಕೋರಿ ಸಲ್ಲಿಸುವ ಅರ್ಜಿಗಳು ಇದೇ ಪಾಠಗಳಲ್ಲಿ ಹೇಳಿರುವ ಸಂಸ್ಥೆಗಳ ಮುಂದೆ ಬರುತ್ತವೆ. ಯಾವ ಅರ್ಜಿಯು ಯಾವ ಕಛೇರಿಗೆ ಸಲ್ಲಬೇಕು ಎಂಬುದು ತಿಳಿಯದೆ ಕೊನೆಯ ದಿನಾಂಕ ಮೀರಿ ಸೌಲಭ್ಯ ಕೈತಪ್ಪುವುದುಂಟು. ಆದ್ದರಿಂದ ಸರ್ಕಾರದ ರಚನೆಯನ್ನು ತುಮಕೂರು ನಗರ, ಗುಬ್ಬಿ ಮತ್ತು ಕುಣಿಗಲ್ ಇವುಗಳ ಉದಾಹರಣೆಯೊಂದಿಗೆ ಈ ಕೆಳಗೆ ವಿವರಿಸಲಾಗಿದೆ.

ಹಿನ್ನೆಲೆ

ಈ ಭಾಗವು ಹಿಂದಿನ ಮೈಸೂರು ಸಂಸ್ಥಾನಕ್ಕೆ ಸೇರಿತ್ತು. ದಿವಾನ್ ರಂಗಾಚಾರ್ಲು ಅವರ ಕಾಲದಲ್ಲಿ, 1881ರ ಅಕ್ಟೋಬರ್ 7ರಂದು ಮೈಸೂರು ಪ್ರಜಾಪ್ರತಿನಿಧಿ ಸಭೆಯು 144 ಸದಸ್ಯರೊಂದಿಗೆ ಮೊದಲ ಬಾರಿಗೆ ಸೇರಿತು. ಅಹವಾಲು ಹೇಳಿಕೊಳ್ಳುವ ಅವಕಾಶ ಈ ಸಭೆಗೆ ಇತ್ತೇ ಹೊರತು ಕಾನೂನು ಮಾಡುವ ಅಧಿಕಾರ ಇರಲಿಲ್ಲ. 1907ರಲ್ಲಿ ನ್ಯಾಯವಿಧಾಯಕ ಸಭೆ ರಚನೆಯಾಯಿತು. ಸ್ವಾತಂತ್ರ್ಯಾನಂತರ ಕೆ. ಚೆಂಗಲರಾಯ ರೆಡ್ಡಿ, ಕೆ. ಹನುಮಂತಯ್ಯ, ಟಿ. ಸಿದ್ದಲಿಂಗಯ್ಯ ಮೊದಲಾದವರು ಭಾರತದ ಸಂವಿಧಾನ ರಚನಾ ಸಭೆಯಲ್ಲಿ ಮೈಸೂರನ್ನು ಪ್ರತಿನಿಧಿಸಿದರು. ಜಯಚಾಮರಾಜ ಒಡೆಯರ್ ಅವರು 1949ರ ನವೆಂಬರ್ 25ರಂದು ಹೊರಡಿಸಿದ ಘೋಷಣೆಯ ಮೂಲಕ ಭಾರತದ ಸಂವಿಧಾನವೇ ಮೈಸೂರಿನ ಸಂವಿಧಾನವೂ ಆಗತಕ್ಕದ್ದೆಂದು ಒಪ್ಪಿದರು. ಮರುದಿನ, ಅಂದರೆ ನವೆಂಬರ್ 26ರಂದು, ಸಂವಿಧಾನವು ಅಂಗೀಕೃತವಾಯಿತು. ಅಹವಾಲು ಹೇಳುವ ಸಭೆಗೂ ಕಾನೂನು ಮಾಡುವ ಸಭೆಗೂ ಇರುವ ಅಂತರವನ್ನು ವಿದ್ಯಾರ್ಥಿಗಳಿಗೆ ಮನದಟ್ಟು ಮಾಡಿಸಲು ಇಷ್ಟು ಇತಿಹಾಸ ಸಾಕು.

ಸ್ಥಳೀಯ ಸಂಸ್ಥೆಗಳು ಮತ್ತು ಗ್ರಾಮೀಣ ಮೀಸಲಾತಿ

ಸಂವಿಧಾನದ 74ನೆಯ ತಿದ್ದುಪಡಿಯು 1993ರ ಜೂನ್ 1ರಿಂದ ಜಾರಿಗೆ ಬಂದಿರುತ್ತದೆ. ಇದರಿಂದ ಸೇರ್ಪಡೆಯಾದ 243ಕ್ಯು ಅನುಚ್ಛೇದವು ಮೂರು ಬಗೆಯ ನಗರ ಸ್ಥಳೀಯ ಸಂಸ್ಥೆಗಳನ್ನು ಹೇಳುತ್ತದೆ. ಹಳ್ಳಿಯಿಂದ ಪಟ್ಟಣವಾಗಿ ಮಾರ್ಪಡುತ್ತಿರುವ ಪ್ರದೇಶಕ್ಕೆ ಒಂದು, ಚಿಕ್ಕ ನಗರ ಪ್ರದೇಶಕ್ಕೆ ಒಂದು ಮತ್ತು ದೊಡ್ಡ ನಗರ ಪ್ರದೇಶಕ್ಕೆ ಒಂದು. ಈ ಮೂರೂ ಬಗೆಗಳಿಗೆ ಉದಾಹರಣೆಯು ತುಮಕೂರು ಕಂದಾಯ ಉಪವಿಭಾಗದಲ್ಲಿಯೇ ದೊರೆಯುತ್ತದೆ. 2011ರ ಜನಗಣತಿಯ ದಾಖಲೆಗಳಲ್ಲಿ ಗುಬ್ಬಿಯು ಪಟ್ಟಣ ಪಂಚಾಯಿತಿಯಾಗಿಯೂ ಕುಣಿಗಲ್ ಪುರಸಭೆಯಾಗಿಯೂ ನಮೂದಾಗಿವೆ. ಹಿಂದೆ ನಗರಸಭೆಯಾಗಿದ್ದ ತುಮಕೂರಿನಲ್ಲಿ ಈಗ ಮಹಾನಗರ ಪಾಲಿಕೆ ಇದೆ. ಮೊದಲ ಎರಡಕ್ಕೆ 1964ರ ಕರ್ನಾಟಕ ಪುರಸಭೆಗಳ ಅಧಿನಿಯಮವೂ ಪಾಲಿಕೆಗೆ 1976ರ ಕರ್ನಾಟಕ ಮಹಾನಗರ ಪಾಲಿಕೆಗಳ ಅಧಿನಿಯಮವೂ ಅನ್ವಯವಾಗುತ್ತವೆ. ಜನಸಂಖ್ಯೆ ಬೆಳೆದಂತೆ ಸರ್ಕಾರವು ಅಧಿಸೂಚನೆಯ ಮೂಲಕ ಊರಿನ ದರ್ಜೆಯನ್ನು ಹೆಚ್ಚಿಸಬಹುದಾಗಿರುತ್ತದೆ.

ಈ ವರ್ಗೀಕರಣವು ತೆರಿಗೆ, ನೀರು, ಬೀದಿದೀಪಗಳಿಗೆ ಮಾತ್ರ ಸಂಬಂಧಿಸಿದ್ದೆಂದು ಬಹುತೇಕ ಪೋಷಕರು ತಿಳಿದಿರುತ್ತಾರೆ. ವಾಸ್ತವದಲ್ಲಿ ವೃತ್ತಿಶಿಕ್ಷಣ ಕೋರ್ಸುಗಳ ಸರ್ಕಾರಿ ಸೀಟುಗಳಲ್ಲಿ ಗ್ರಾಮೀಣ ಅಭ್ಯರ್ಥಿಗಳಿಗೆ ನೀಡಲಾಗುವ ಶೇ. 15ರ ಮೀಸಲಾತಿಯೂ, 2000ದ ಅಧಿನಿಯಮದ ಅನ್ವಯ ರಾಜ್ಯ ಸಿವಿಲ್ ಸೇವೆಯ ನೇಮಕಾತಿಗಳಲ್ಲಿ ನೀಡಲಾಗುವ ಶೇ. 25ರ ಮೀಸಲಾತಿಯೂ ಇದೇ ವರ್ಗೀಕರಣವನ್ನು ಅವಲಂಬಿಸಿವೆ. ಮೇಲೆ ಹೇಳಿದ ಮೂರು ಬಗೆಯ ನಗರ ಪ್ರದೇಶಗಳನ್ನು ಬಿಟ್ಟು ಉಳಿದ ಪ್ರದೇಶವೇ ಗ್ರಾಮೀಣ ಪ್ರದೇಶ. ವಿದ್ಯಾರ್ಥಿಯು ಒಂದನೆಯ ತರಗತಿಯಿಂದ ಹತ್ತನೆಯ ತರಗತಿಯವರೆಗೆ ಅಂತಹ ಪ್ರದೇಶದಲ್ಲಿರುವ ಶಾಲೆಯಲ್ಲಿ ಓದಿರಬೇಕು.

ಗುಬ್ಬಿಯಂತಹ ಚಿಕ್ಕ ಊರಿನಲ್ಲಿ ಓದಿದವರೆಲ್ಲರೂ ಗ್ರಾಮೀಣ ಅಭ್ಯರ್ಥಿಗಳೇ ಎಂಬ ತಪ್ಪು ತಿಳಿವಳಿಕೆ ಇಲ್ಲಿಂದಲೇ ಹುಟ್ಟುತ್ತದೆ. ಪಟ್ಟಣ ಪಂಚಾಯಿತಿಯ ವ್ಯಾಪ್ತಿಯೂ ಈ ಉದ್ದೇಶಕ್ಕೆ ನಗರ ಪ್ರದೇಶವೇ ಆಗಿರುತ್ತದೆ. ಇಲ್ಲಿ ಗಣನೆಗೆ ಬರುವುದು ಶಾಲೆ ಇರುವ ಸ್ಥಳ, ಮನೆ ಇರುವ ಸ್ಥಳವಲ್ಲ. ಗ್ರಾಮ ಪಂಚಾಯಿತಿ ವ್ಯಾಪ್ತಿಯ ಹಳ್ಳಿಯಲ್ಲಿ ಏಳನೆಯ ತರಗತಿಯವರೆಗೆ ಓದಿ, ಎಂಟನೆಯ ತರಗತಿಗೆ ಪ್ರತಿದಿನ ಬಸ್ಸಿನಲ್ಲಿ ಕುಣಿಗಲ್ ಪಟ್ಟಣದ ಶಾಲೆಗೆ ಬಂದ ವಿದ್ಯಾರ್ಥಿಯು ಹಳ್ಳಿಯಲ್ಲಿಯೇ ವಾಸವಾಗಿದ್ದರೂ ಹತ್ತು ವರ್ಷಗಳ ಷರತ್ತನ್ನು ಪೂರೈಸಿದಂತಾಗುವುದಿಲ್ಲ. ಪಟ್ಟಣದ ಅಂಚಿನ ಬಡಾವಣೆಗಳಲ್ಲಿರುವ ಶಾಲೆಗಳ ವಿಷಯದಲ್ಲಿ ಹೆಚ್ಚಿನ ಎಚ್ಚರ ಅಗತ್ಯ. ಶಾಲೆಯು ಪಟ್ಟಣದ ವ್ಯಾಪ್ತಿಗೆ ಸೇರಿದೆಯೋ ಗ್ರಾಮ ಪಂಚಾಯಿತಿಗೆ ಸೇರಿದೆಯೋ ಎಂಬುದನ್ನು ಎಂಟನೆಯ ತರಗತಿಗೆ ಸೇರಿಸುವ ಮೊದಲೇ ಮುಖ್ಯೋಪಾಧ್ಯಾಯರಿಂದ ತಿಳಿದುಕೊಳ್ಳುವುದು ಸೂಕ್ತ. ಗ್ರಾಮೀಣ ವ್ಯಾಸಂಗ ಪ್ರಮಾಣ ಪತ್ರಕ್ಕೆ ಮುಖ್ಯೋಪಾಧ್ಯಾಯರ ಸಹಿಯೊಂದಿಗೆ ಕ್ಷೇತ್ರ ಶಿಕ್ಷಣಾಧಿಕಾರಿಗಳ ಮೇಲುಸಹಿ ಅವಶ್ಯವಿರುತ್ತದೆ. ತಹಶೀಲ್ದಾರರ ಕಛೇರಿಯಲ್ಲಿ ಇದು ದೊರೆಯುವುದಿಲ್ಲ. ಇತರ ಷರತ್ತುಗಳನ್ನು ಆಯಾ ವರ್ಷದ ಅಧಿಸೂಚನೆಯಲ್ಲಿ ನೋಡತಕ್ಕದ್ದು.

ಗ್ರಾಮ ಪ್ರದೇಶಕ್ಕೆ ಸಂಬಂಧಿಸಿದ 73ನೆಯ ತಿದ್ದುಪಡಿಯ ಅನ್ವಯ ಗ್ರಾಮ, ತಾಲ್ಲೂಕು ಮತ್ತು ಜಿಲ್ಲಾ ಪಂಚಾಯಿತಿಗಳು ರಚನೆಯಾಗಿವೆ. ಪಠ್ಯದಲ್ಲಿ ಇವುಗಳ ಅವಧಿ ಐದು ವರ್ಷ ಎಂದಿದೆ. ರಾಜ್ಯದಲ್ಲಿ ತಾಲ್ಲೂಕು ಮತ್ತು ಜಿಲ್ಲಾ ಪಂಚಾಯಿತಿಗಳ 2016ರಲ್ಲಿ ಚುನಾಯಿತರಾದ ಸದಸ್ಯರ ಅವಧಿಯು 2021ರಲ್ಲಿ ಮುಗಿದ ಬಳಿಕ ಆಡಳಿತಾಧಿಕಾರಿಗಳನ್ನು ನೇಮಿಸಲಾಯಿತು ಎಂಬುದನ್ನೂ ಶಿಕ್ಷಕರು ತಿಳಿಸುವುದು ಒಳ್ಳೆಯದು. ಇಲ್ಲವಾದಲ್ಲಿ ತಮ್ಮ ತಾಲ್ಲೂಕು ಪಂಚಾಯಿತಿ ಅಧ್ಯಕ್ಷರು ಯಾರು ಎಂದು ಹುಡುಕಲು ಹೊರಟ ವಿದ್ಯಾರ್ಥಿಯು ಗೊಂದಲಕ್ಕೆ ಒಳಗಾಗುತ್ತಾನೆ.

ಕ್ಷೇತ್ರ ಬೇರೆ, ತಾಲ್ಲೂಕು ಬೇರೆ

ತುಮಕೂರು ಜಿಲ್ಲೆಯಲ್ಲಿ 10 ತಾಲ್ಲೂಕುಗಳೂ 11 ವಿಧಾನಸಭಾ ಕ್ಷೇತ್ರಗಳೂ ಇವೆ. 2008ರಲ್ಲಿ ಜಾರಿಗೆ ಬಂದ ಕ್ಷೇತ್ರ ಪುನರ್ವಿಂಗಡಣೆಯ ನಂತರ ಗುಬ್ಬಿ, ತುಮಕೂರು ನಗರ ಮತ್ತು ತುಮಕೂರು ಗ್ರಾಮಾಂತರ ವಿಧಾನಸಭಾ ಕ್ಷೇತ್ರಗಳು ತುಮಕೂರು ಲೋಕಸಭಾ ಕ್ಷೇತ್ರದಲ್ಲಿವೆ. ಕುಣಿಗಲ್ ಮಾತ್ರ ಬೆಂಗಳೂರು ಗ್ರಾಮಾಂತರ ಲೋಕಸಭಾ ಕ್ಷೇತ್ರಕ್ಕೆ ಸೇರಿದೆ. ಗುಬ್ಬಿ ತಾಲ್ಲೂಕಿನ ಸಿ.ಎಸ್. ಪುರ ಹೋಬಳಿಯು ತುರುವೇಕೆರೆ ವಿಧಾನಸಭಾ ಕ್ಷೇತ್ರದಲ್ಲಿದೆ.

ಇದರ ಪರಿಣಾಮವನ್ನು ಸರಿಯಾಗಿ ತಿಳಿಯತಕ್ಕದ್ದು. ಕುಣಿಗಲ್‌ನ ಮತದಾರರ ಲೋಕಸಭಾ ಸದಸ್ಯರು ಬೇರೆ ಕ್ಷೇತ್ರದವರಾದರೂ ಅವರ ಜಿಲ್ಲಾಧಿಕಾರಿ, ಜಿಲ್ಲಾ ಪಂಚಾಯಿತಿ ಮತ್ತು ಶಾಲಾ ಶಿಕ್ಷಣ ಇಲಾಖೆಯ ಉಪನಿರ್ದೇಶಕರು ತುಮಕೂರಿನಲ್ಲಿಯೇ ಇರುತ್ತಾರೆ. ಜನಪ್ರತಿನಿಧಿಯ ಕ್ಷೇತ್ರವನ್ನು ಜನಸಂಖ್ಯೆಯ ದೃಷ್ಟಿಯಿಂದ ಗುರುತಿಸಲಾಗುತ್ತದೆ. ಕಂದಾಯ ಗಡಿಯನ್ನು ಆಡಳಿತದ ಅನುಕೂಲಕ್ಕಾಗಿ ಗುರುತಿಸಲಾಗುತ್ತದೆ. ಶಾಸಕಾಂಗ ಮತ್ತು ಕಾರ್ಯಾಂಗ ಎಂಬ ಎರಡು ಪದಗಳ ವ್ಯಾಖ್ಯಾನವನ್ನು ಬಾಯಿಪಾಠ ಮಾಡಿಸುವುದಕ್ಕಿಂತ ಈ ನಕ್ಷೆಯನ್ನು ತೋರಿಸುವುದು ಹೆಚ್ಚು ಪ್ರಯೋಜನಕಾರಿ.

ಮೂರು ಪಟ್ಟಿಗಳು

ಸಂವಿಧಾನದ ಏಳನೆಯ ಅನುಸೂಚಿಯಲ್ಲಿ ಕೇಂದ್ರ ಪಟ್ಟಿ, ರಾಜ್ಯ ಪಟ್ಟಿ ಮತ್ತು ಸಮವರ್ತಿ ಪಟ್ಟಿಗಳಿವೆ. ಗುಬ್ಬಿಯ ರೈಲು ನಿಲ್ದಾಣ ಹಾಗೂ 2023ರ ಫೆಬ್ರವರಿ 6ರಂದು ಗುಬ್ಬಿ ತಾಲ್ಲೂಕಿನ ಬಿದರೆಹಳ್ಳ ಕಾವಲಿನಲ್ಲಿ ಉದ್ಘಾಟನೆಯಾದ ಹೆಲಿಕಾಪ್ಟರ್ ಕಾರ್ಖಾನೆ ಕೇಂದ್ರದ ಅಧೀನದಲ್ಲಿವೆ. ಜಮೀನಿನ ಪಹಣಿ, ಪೊಲೀಸ್ ಠಾಣೆ ಮತ್ತು ಸ್ಥಳೀಯ ಸಂಸ್ಥೆಗಳು ರಾಜ್ಯ ಪಟ್ಟಿಯ ವಿಷಯಗಳು. ಶಿಕ್ಷಣವು ಮೊದಲು ರಾಜ್ಯ ಪಟ್ಟಿಯಲ್ಲಿದ್ದು, 1976ರ 42ನೆಯ ತಿದ್ದುಪಡಿಯ ಮೂಲಕ ಸಮವರ್ತಿ ಪಟ್ಟಿಗೆ ವರ್ಗವಾಯಿತು. ಜನನ ಮರಣ ನೋಂದಣಿಯೂ ಸಮವರ್ತಿ ಪಟ್ಟಿಯದೇ. ಕಾನೂನು 1969ರ ಕೇಂದ್ರ ಅಧಿನಿಯಮವಾದರೂ ಪ್ರಮಾಣ ಪತ್ರಕ್ಕಾಗಿ ದೆಹಲಿಗೆ ಬರೆಯಬೇಕಾಗಿಲ್ಲ. ನೋಂದಣಿಯ ಕೆಲಸವನ್ನು ರಾಜ್ಯವು ನೇಮಿಸಿದ ಸ್ಥಳೀಯ ನೋಂದಣಾಧಿಕಾರಿಗಳು ಮಾಡುತ್ತಾರೆ.

ನೀರಿನ ವಿಷಯ ಇಷ್ಟು ಸರಳವಲ್ಲ. ನೀರು ರಾಜ್ಯ ಪಟ್ಟಿಯಲ್ಲಿದ್ದರೂ ಅಂತರರಾಜ್ಯ ನದಿಗಳ ನಿಯಂತ್ರಣಕ್ಕೆ ಕೇಂದ್ರ ಪಟ್ಟಿಯಲ್ಲಿ ಅವಕಾಶವಿದೆ. ಈ ಜಿಲ್ಲೆಗೆ ನಾಲೆಯಲ್ಲಿ ಬರುವ ಹೇಮಾವತಿಯು ಕಾವೇರಿಯ ಉಪನದಿ. ಕಾವೇರಿ ನೀರಿನ ಹಂಚಿಕೆಯ ಬಗ್ಗೆ 2007ರಲ್ಲಿ ನ್ಯಾಯಾಧಿಕರಣವು ತೀರ್ಪು ನೀಡಿದ್ದು, 2018ರ ಫೆಬ್ರವರಿ 16ರಂದು ಸರ್ವೋಚ್ಚ ನ್ಯಾಯಾಲಯವು ಅದನ್ನು ಮಾರ್ಪಡಿಸಿತು. ರಾಜ್ಯಕ್ಕೆ ದೊರೆತ ಪಾಲಿನಲ್ಲಿ ಯಾವ ತಾಲ್ಲೂಕಿಗೆ ಎಷ್ಟು ಎಂಬುದು ರಾಜ್ಯ ಸರ್ಕಾರದ ನಿರ್ಧಾರ. ಗುಬ್ಬಿಯ ವಿದ್ಯಾರ್ಥಿಗೂ ಕುಣಿಗಲ್‌ನ ವಿದ್ಯಾರ್ಥಿಗೂ ಈ ವಿಷಯದಲ್ಲಿ ಭಿನ್ನ ಅಭಿಪ್ರಾಯವಿರಬಹುದು. ತರಗತಿಯಲ್ಲಿ ಅದನ್ನು ಚರ್ಚಿಸಲು ಹಿಂಜರಿಯಬೇಕಾಗಿಲ್ಲ.

ತರಗತಿಯಲ್ಲಿ

2023ರಿಂದ ರಾಜ್ಯದ ಶಾಲಾ ಕಾಲೇಜುಗಳಲ್ಲಿ ಸಂವಿಧಾನದ ಪೀಠಿಕೆಯ ವಾಚನಕ್ಕೆ ಕ್ರಮ ಕೈಗೊಳ್ಳಲಾಯಿತು. 2024ರ ಜನವರಿ, ಫೆಬ್ರವರಿ ತಿಂಗಳುಗಳಲ್ಲಿ ಸಂವಿಧಾನ ಜಾಗೃತಿ ಜಾಥಾ ಜಿಲ್ಲೆಗಳಲ್ಲಿ ಸಂಚರಿಸಿತು. ವಾಚನದ ನಂತರ ಪೀಠಿಕೆಯ ಒಂದೊಂದು ಪದಕ್ಕೆ ಊರಿನ ಒಂದೊಂದು ಉದಾಹರಣೆ ಕೇಳಿದಲ್ಲಿ ಮಾತ್ರ ಅರ್ಥ ಉಳಿಯುತ್ತದೆ.

ಶಾಲಾ ಸಂಸತ್ತಿನ ಚುನಾವಣೆಯು ಬಹುತೇಕ ಶಾಲೆಗಳಲ್ಲಿ ನಡೆಯುತ್ತದೆ. ಇದರಲ್ಲಿ ಒಂದು ಲೋಪ ಸಾಮಾನ್ಯ. ವಿದ್ಯಾರ್ಥಿಗಳು ಪ್ರಧಾನಮಂತ್ರಿಯನ್ನು ನೇರವಾಗಿ ಮತ ಹಾಕಿ ಆರಿಸುತ್ತಾರೆ. ಸಂವಿಧಾನದ ವ್ಯವಸ್ಥೆ ಹಾಗಿಲ್ಲ. ತರಗತಿಗಳು ಸದಸ್ಯರನ್ನು ಆರಿಸಿ, ಬಹುಮತವಿರುವ ಸದಸ್ಯರು ತಮ್ಮ ನಾಯಕನನ್ನು ಆರಿಸಿದರೆ ಪಾಠಕ್ಕೂ ಆಚರಣೆಗೂ ತಾಳೆಯಾಗುತ್ತದೆ. ವಿರೋಧ ಪಕ್ಷದ ನಾಯಕನನ್ನೂ ನೇಮಿಸಿ, ಶೌಚಾಲಯದ ನೀರಿನ ಬಗ್ಗೆ ಪ್ರಶ್ನೆ ಕೇಳುವ ಅವಕಾಶ ಕೊಡಬೇಕು. ಗ್ರಾಮ ಪಂಚಾಯಿತಿಗಳಲ್ಲಿ ನಡೆಯುವ ಮಕ್ಕಳ ಗ್ರಾಮಸಭೆಯಲ್ಲಿ ಇದೇ ಪ್ರಶ್ನೆಯನ್ನು ಲಿಖಿತವಾಗಿ ಮಂಡಿಸಬಹುದು.

ಅರ್ಜಿಗಳ ಬಗ್ಗೆ

ಜಾತಿ ಮತ್ತು ಆದಾಯ ಪ್ರಮಾಣ ಪತ್ರಗಳಿಗೆ ಹೋಬಳಿಯ ನಾಡಕಛೇರಿಯಲ್ಲಿ ಅರ್ಜಿ ಸಲ್ಲಿಸತಕ್ಕದ್ದು. ಜಾತಿ ಪ್ರಮಾಣ ಪತ್ರ ನಿರಾಕರಿಸಿದ ತಹಶೀಲ್ದಾರರ ಆದೇಶದ ವಿರುದ್ಧ ಉಪವಿಭಾಗಾಧಿಕಾರಿಗಳಿಗೆ ಮೇಲ್ಮನವಿ ಸಲ್ಲಿಸಬಹುದು. ತುಮಕೂರು, ಗುಬ್ಬಿ ಮತ್ತು ಕುಣಿಗಲ್ ತಾಲ್ಲೂಕುಗಳಿಗೆ ಈ ಕಛೇರಿ ತುಮಕೂರಿನಲ್ಲಿರುತ್ತದೆ. 2011ರ ನಾಗರಿಕ ಸೇವೆಗಳ ಖಾತರಿ ಅಧಿನಿಯಮದ, ಅಂದರೆ ಸಕಾಲದ, ವ್ಯಾಪ್ತಿಗೆ ಬರುವ ಸೇವೆಗಳಿಗೆ ನಿಗದಿತ ಅವಧಿ ಇದ್ದು, ವಿಳಂಬವಾದಲ್ಲಿ ದಿನಕ್ಕೆ ರೂ. 20ರಂತೆ ಗರಿಷ್ಠ ರೂ. 500ರವರೆಗೆ ಪರಿಹಾರ ಕೋರಲು ಅವಕಾಶವಿದೆ. ಇದಕ್ಕೆ ಸ್ವೀಕೃತಿಯಲ್ಲಿನ ಸಂಖ್ಯೆ ಅತ್ಯಗತ್ಯ. ಅರ್ಜಿ ನೀಡಿದ ದಿನವೇ ಸ್ವೀಕೃತಿಯನ್ನು ಪಡೆದು, ಪ್ರಮಾಣ ಪತ್ರ ಕೈಸೇರುವವರೆಗೆ ಜೋಪಾನವಾಗಿ ಇಟ್ಟುಕೊಳ್ಳತಕ್ಕದ್ದು.