ಹೇರೋಹಳ್ಳಿಯ ಚಂದ್ರಯಾನ

ಬಿಳಿ ದಿರಿಸಿನ ಗಗನಯಾತ್ರಿಯೊಬ್ಬ ಕುಳಿಗಳ ನಡುವೆ ತೇಲಿದಂತೆ ಹೆಜ್ಜೆ ಹಾಕುತ್ತಾನೆ. ಚಂದ್ರನ ನೆಲವೇ ಇರಬೇಕು ಅಂದುಕೊಳ್ಳುವಷ್ಟರಲ್ಲಿ ಪಕ್ಕದಲ್ಲೇ ಆಟೊ ಹಾದುಹೋಗುತ್ತದೆ. ಅದು ಬೆಂಗಳೂರಿನ ಹೇರೋಹಳ್ಳಿಯ, ಗುಂಡಿಬಿದ್ದ ತುಂಗಾನಗರ ಮುಖ್ಯರಸ್ತೆ! 2019ರ ಸೆಪ್ಟೆಂಬರ್ 2ರಂದು ಕಲಾವಿದ ಬಾದಲ್ ನಂಜುಂಡಸ್ವಾಮಿ ಹರಿಯಬಿಟ್ಟ ಈ ವಿಡಿಯೊದ ಗಗನಯಾತ್ರಿ ನಟ ಪೂರ್ಣಚಂದ್ರ ಮೈಸೂರು.

ಅದೇ ದಿನ ಚಂದ್ರಯಾನ-2ರ ವಿಕ್ರಮ್ ಲ್ಯಾಂಡರ್ ತನ್ನ ಆರ್ಬಿಟರ್‌ನಿಂದ ಬೇರ್ಪಟ್ಟಿತ್ತು. ಅದರ ಚಲನವಲನದ ಮೇಲೆ ಕಣ್ಣಿಟ್ಟಿದ್ದ ಇಸ್ರೋದ ಇಸ್ಟ್ರಾಕ್ ಕೇಂದ್ರ ಇರುವುದು ಪೀಣ್ಯದಲ್ಲಿ, ಈ ರಸ್ತೆಯಿಂದ ಕೆಲವೇ ಕಿಲೋಮೀಟರ್ ಆಚೆ. ದೇಶ ವಿದೇಶದ ಸುದ್ದಿವಾಹಿನಿಗಳು ವಿಡಿಯೊ ತೋರಿಸಿದವು. ಮರುದಿನವೇ ಬಿಬಿಎಂಪಿ ಗುಂಡಿ ಮುಚ್ಚಲು ಬಂತು. ನಂಜುಂಡಸ್ವಾಮಿಗೆ ಇದು ಹೊಸತಲ್ಲ. 2015ರಲ್ಲಿ ಸುಲ್ತಾನ್‌ಪಾಳ್ಯದ ಗುಂಡಿಯಲ್ಲಿ ಕೃತಕ ಮೊಸಳೆ ಮಲಗಿಸಿದ್ದವರೂ ಅವರೇ.

ಹೇರೋಹಳ್ಳಿಯ ಗೇಲಿ ರಸ್ತೆಯಿಂದ ಟಿವಿಗೆ ಬಂತು. ಟಿವಿಗೂ ಅಧಿಕಾರಸ್ಥರ ಗೇಲಿಗೂ ಹಳೆಯ ನಂಟು. ಬಿಬಿಸಿ 1962ರಲ್ಲಿ ಆರಂಭಿಸಿದ 'ದಟ್ ವಾಸ್ ದ ವೀಕ್ ದಟ್ ವಾಸ್' ಮಂತ್ರಿಗಳ ಕಾಲೆಳೆಯಿತು. ಚುನಾವಣೆಯ ವರ್ಷ ಬರುತ್ತಿದೆ ಎಂದು ಅದನ್ನು ಮರುವರ್ಷವೇ ನಿಲ್ಲಿಸಿದರು. 1984ರಲ್ಲಿ ಬ್ರಿಟನ್ನಿನ 'ಸ್ಪಿಟಿಂಗ್ ಇಮೇಜ್' ಪ್ರಧಾನಿ ಥ್ಯಾಚರ್ ಅವರನ್ನು ರಬ್ಬರ್ ಬೊಂಬೆಯಾಗಿಸಿತು. ನಮ್ಮಲ್ಲಿ 1989ರ 'ಫ್ಲಾಪ್ ಶೋ'ದಲ್ಲಿ ಜಸ್ಪಾಲ್ ಭಟ್ಟಿ ಸರ್ಕಾರಿ ಕಚೇರಿಗಳ ಮಾನ ಕಳೆದದ್ದು ಸರ್ಕಾರದ್ದೇ ದೂರದರ್ಶನದಲ್ಲಿ.

ಕನ್ನಡದ ಕಿರುತೆರೆ ಮಾತ್ರ ನಗುವನ್ನು ಹೆಚ್ಚಾಗಿ ಹೊಸ್ತಿಲೊಳಗೇ ಇಟ್ಟುಕೊಂಡಿತು. 'ಪಾಪ ಪಾಂಡು', 'ಸಿಲ್ಲಿ ಲಲ್ಲಿ' ಜನ ಮುಗಿಬಿದ್ದು ನೋಡಿದ ಧಾರಾವಾಹಿಗಳು, ನಿಜ. ಆದರೆ ಅಲ್ಲಿ ಪೆಟ್ಟು ಬೀಳುತ್ತಿದ್ದದ್ದು ಗಂಡನಿಗೆ, ಅಕ್ಕಪಕ್ಕದವರಿಗೆ. ಮಂತ್ರಿಗೆ ಬೀಳಬೇಕಾದ ಪೆಟ್ಟನ್ನು ರಂಗಭೂಮಿ ನೋಡಿಕೊಳ್ಳುತ್ತಿತ್ತು. 'ಲಂಚಾವತಾರ' ನಾಟಕದ ಮಾಸ್ಟರ್ ಹಿರಣ್ಣಯ್ಯ ಅಂದಂದಿನ ರಾಜಕೀಯವನ್ನು ಸಂಭಾಷಣೆಗೆ ಸೇರಿಸಿ ಝಾಡಿಸುತ್ತಿದ್ದರು. ಅವರು ತೀರಿಕೊಂಡದ್ದು 2019ರ ಮೇನಲ್ಲಿ, ಹೇರೋಹಳ್ಳಿಯ ವಿಡಿಯೊಗೆ ನಾಲ್ಕು ತಿಂಗಳು ಮೊದಲು.

ರಾಜಕಾರಣಿಗಳ ಗೇಲಿಯ ಇನ್ನೊಂದು ದಾರಿ ರೇಡಿಯೊದಿಂದ ಹೊರಟಿತ್ತು. ದಾನಿಶ್ ಸೇಟ್ ಅವರ ತರಲೆ ಫೋನ್ ಕರೆಗಳಲ್ಲಿ ಹುಟ್ಟಿದ ಪಾತ್ರ ನೊಗ್ರಾಜ್ 2018ರಲ್ಲಿ 'ಹಂಬಲ್ ಪೊಲಿಟಿಷಿಯನ್ ನೊಗ್ರಾಜ್' ಸಿನಿಮಾದ ಕಾರ್ಪೊರೇಟರ್ ಆಗಿ ಶಾಸಕನ ಕುರ್ಚಿಗೆ ಕಣ್ಣು ಹಾಕಿದ, 2022ರ ವೆಬ್ ಸರಣಿಯಲ್ಲಿ ರೆಸಾರ್ಟ್ ರಾಜಕಾರಣಕ್ಕೂ ಇಳಿದ. ಅಷ್ಟರಲ್ಲಿ ಬಿಡದಿಯ ಈಗಲ್‌ಟನ್ ರೆಸಾರ್ಟ್‌ಗೆ ಶಾಸಕರನ್ನು ಬಸ್ಸಿನಲ್ಲಿ ತುಂಬಿಕೊಂಡು ಹೋದ ದೃಶ್ಯಗಳನ್ನು ರಾಜ್ಯವೇ ನೇರ ಪ್ರಸಾರದಲ್ಲಿ ನೋಡಿ ಮುಗಿಸಿತ್ತು. ಚಿತ್ರಕಥೆಗಾರರಿಗೆ ಉಳಿದ ಕೆಲಸ ಕಮ್ಮಿ.